ಮೊದಲು ಬಿಟ್ ಆರಿಸಿ, ಆಮೇಲೆ ರೌಟರ್

ಅಮೆರಿಕದಲ್ಲಿ ಮನೆ ಕೊಂಡ ಎರಡನೇ ವರ್ಷಕ್ಕೆ ನಮ್ಮವರಲ್ಲಿ ಸುಮಾರು ಜನರಿಗೆ ಈ ಹುಚ್ಚು ಹಿಡಿಯುತ್ತದೆ. ಊಟದ ಕೋಣೆಯ ಗೋಡೆ ಬೋಳಾಗಿ ಕಾಣುತ್ತದೆ. ಯಾರದೋ ಗೃಹಪ್ರವೇಶಕ್ಕೆ ಹೋದಾಗ ಅವರ ಮನೆಯ ಗೋಡೆಗೆ ಹೊದಿಸಿದ ಮರದ ವೇನ್ಸ್‌ಕೋಟಿಂಗ್ ಕಣ್ಣಿಗೆ ಬೀಳುತ್ತದೆ. ಕಂಟ್ರಾಕ್ಟರ್ ಕರೆಸಿ ಎಷ್ಟಾಗುತ್ತದೆ ಅಂತ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆಮೇಲೆ ಶುರುವಾಗುತ್ತದೆ ನೋಡಿ, ಗ್ಯಾರೇಜಿನಲ್ಲಿ ನಾವೇ ಮಾಡಿದರೆ ಹೇಗೆ ಎಂಬ ಯೋಚನೆ.

ನಾನು ಮಿಶಿಗನ್‌ನಲ್ಲಿ ನನ್ನ ಮನೆಗೆ ಇದನ್ನು ಮಾಡಿದ್ದೇನೆ. ಆಗ ಅಪ್ಪ ಮೈಸೂರಿನಿಂದ ಫೋನ್ ಮಾಡಿ, "ಇದಕ್ಕೆಲ್ಲ ಆಚಾರ್ರನ್ನ ಕರೆಸಬಾರದೇನೋ?" ಅಂದಿದ್ದರು. ಇಲ್ಲಿ ಆಚಾರ್ರ ಒಂದು ದಿನದ ಕೂಲಿಗೆ ಒಂದು ರೌಟರ್, ಅಂದರೆ ಗಿರಗಿರ ತಿರುಗುವ ಅಲಗಿನಿಂದ ಮರ ಕೆತ್ತುವ ಮೆಷಿನ್, ಬರುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೆರಳು ಜೋಪಾನ" ಅಂದರು.

ಈಗ ಸ್ನೇಹಿತರು, ಅವರ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ. ನೂರು ಡಾಲರಿನ ಪುಟ್ಟ ರೌಟರ್ ಸಾಕಾ, ಇನ್ನೂರರ ಮಧ್ಯಮ ಗಾತ್ರದ್ದು ಬೇಕಾ, ಇಲ್ಲ ಮುನ್ನೂರು ದಾಟುವ ದೊಡ್ಡದನ್ನೇ ತರಬೇಕಾ? ನಾನು ತಿರುಗಿಸಿ ಕೇಳುವುದೂ ಒಂದೇ: ಪ್ಯಾನೆಲ್‌ನ, ಅಂದರೆ ಚೌಕಟ್ಟಿನ ನಡುವಿನ ಹಲಗೆಯ, ಅಂಚನ್ನು ಯಾವ ಬಿಟ್‌ನಿಂದ (ರೌಟರಿಗೆ ಸಿಕ್ಕಿಸುವ ಅಲಗು) ಕೆತ್ತುತ್ತೀರಿ? ಬಹಳ ಜನ ಅದನ್ನು ಯೋಚಿಸಿರುವುದೇ ಇಲ್ಲ. ರೌಟರ್ ಯಾವುದು ಅಂತ ನಿರ್ಧಾರ ಮಾಡುವುದೇ ಆ ಬಿಟ್.

ಕೆಲಸ ಏನು, ಎಷ್ಟು

ವೇನ್ಸ್‌ಕೋಟಿಂಗ್ ಅಂದರೆ ಗೋಡೆಯ ಕೆಳಭಾಗಕ್ಕೆ ಹೊದಿಸುವ ಮರ. 8 ಅಡಿ ಎತ್ತರದ ಗೋಡೆಗೆ ಸಾಮಾನ್ಯವಾಗಿ 32ರಿಂದ 36 ಇಂಚಿನವರೆಗೆ ಬರುತ್ತದೆ. ರೇಸ್ಡ್ ಪ್ಯಾನೆಲ್ ಹೇಗಿರುತ್ತದೆ ಅಂತ ಗೊತ್ತಾಗಬೇಕಾದರೆ ನಮ್ಮ ಕಡೆಯ ಹಳೆ ಮನೆಗಳ ತೇಗದ ಬಾಗಿಲನ್ನು ನೆನಪಿಸಿಕೊಳ್ಳಿ. ಸುತ್ತ ಚೌಕಟ್ಟು, ನಡುವೆ ಅಂಚನ್ನು ಇಳಿಜಾರಾಗಿ ತೆಗೆದು ಮಧ್ಯಭಾಗ ಉಬ್ಬಿದಂತೆ ಕಾಣುವ ಹಲಗೆ. ಅದೇ ಬಾಗಿಲನ್ನು ಗಿಡ್ಡ ಮಾಡಿ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿಸಿದ ಹಾಗೆ.

ಇದಕ್ಕೆ ರೌಟರ್ ಮಾಡಬೇಕಾದ ಕೆಲಸ ಮೂರು. ಚೌಕಟ್ಟಿನ ಪಟ್ಟಿಗಳ ಒಳ ಅಂಚಿಗೆ ಅಲಂಕಾರದ ಗೆರೆ ಮತ್ತು ಪ್ಯಾನೆಲ್ ಕೂರಲು ಕಾಲಿಂಚು ಅಗಲದ ಗ್ರೂವ್ (ಉದ್ದನೆಯ ಸಂದು) ಒಂದು. ಅಡ್ಡಪಟ್ಟಿಗಳ ತುದಿಗೆ, ಆ ಗೆರೆಗೆ ಸರಿಯಾಗಿ ಕೂರುವ ಎದುರು ಆಕಾರ ಇನ್ನೊಂದು. ಮೂರನೆಯದು ಪ್ಯಾನೆಲ್‌ನ ಇಳಿಜಾರು ಅಂಚು. ಮೊದಲ ಎರಡಕ್ಕೆ ಬೇಕಾದ ಬಿಟ್‌ಗಳು ಸುಮಾರು ಒಂದೂವರೆ ಇಂಚು ವ್ಯಾಸದವು. ಅವುಗಳಿಂದ ತೊಂದರೆ ಇಲ್ಲ. ತಲೆನೋವೆಲ್ಲ ಮೂರನೆಯದರದು.

ನನ್ನ ಕೋಣೆಯ ಲೆಕ್ಕ ಹೇಳುತ್ತೇನೆ. 14 ಪ್ಯಾನೆಲ್, ಒಂದೊಂದೂ ಸುಮಾರು 20 ಇಂಚು ಅಗಲ, 22 ಇಂಚು ಎತ್ತರ. ಒಂದರ ಸುತ್ತಳತೆ 7 ಅಡಿ. ಒಟ್ಟು 98 ಅಡಿ ಅಂಚು. ಒಂದೇ ಸಲಕ್ಕೆ ಪೂರ್ತಿ ಆಳ ಕೊರೆಯುವ ಹಾಗಿಲ್ಲ, ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಅಂದರೆ ಸುಮಾರು 400 ಅಡಿ. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಬಿಟ್ ಮರವನ್ನು ಮುಟ್ಟಿರುವ ಸಮಯ ಲೆಕ್ಕ ಹಾಕಿದರೆ ಒಂದು ಗಂಟೆಯ ಆಸುಪಾಸು ಅಷ್ಟೇ. ಅಡುಗೆಮನೆ ಕ್ಯಾಬಿನೆಟ್ ಮಾಡುವ ಅಂಗಡಿಯವರು ಇಷ್ಟನ್ನು ಬೆಳಗಿನ ತಿಂಡಿಗೆ ಮುಂಚೆ ಮುಗಿಸುತ್ತಾರೆ. ಅವರಿಗೆ ಬೇಕಾದ ಮೆಷಿನ್ನೇ ನಮಗೂ ಬೇಕಾ ಎಂಬುದನ್ನು ಈ ಲೆಕ್ಕ ಇಟ್ಟುಕೊಂಡು ಕೇಳಿಕೊಳ್ಳಿ.

ಅಳೆಯಬೇಕಾದ ಸಂಗತಿಗಳು

ಮೊದಲು ಕಾಲೆಟ್ ನೋಡಿ. ಬಿಟ್‌ನ ಕಾಂಡವನ್ನು ಕಚ್ಚಿ ಹಿಡಿಯುವ ಬಾಯಿ ಅದು. ಇಲ್ಲಿ ಎರಡು ಅಳತೆ ಸಿಗುತ್ತದೆ, ಕಾಲಿಂಚು ಮತ್ತು ಅರ್ಧ ಇಂಚು. ದಪ್ಪ ಎರಡು ಪಟ್ಟಾದರೆ ಗಟ್ಟಿತನವೂ ಎರಡು ಪಟ್ಟಾಗುತ್ತದೆ ಅಂದುಕೊಳ್ಳಬೇಡಿ. ಬಾಗದೆ ನಿಲ್ಲುವ ಶಕ್ತಿ 16 ಪಟ್ಟಾಗುತ್ತದೆ. ಪ್ಯಾನೆಲ್ ಬಿಟ್‌ಗೆ ಅರ್ಧ ಇಂಚಿನ ಕಾಂಡವೇ ಬೇಕು. ಈ ವಿಷಯದಲ್ಲಿ ಚೌಕಾಸಿ ಇಲ್ಲ.

ಎರಡನೆಯದು ವೇಗ. ಇಲ್ಲಿ ಎಲ್ಲರೂ ಉಲ್ಟಾ ಯೋಚಿಸುತ್ತಾರೆ. ಜಾಸ್ತಿ ವೇಗ ಇದ್ದರೆ ಒಳ್ಳೆಯದು ಅಂತ. ದೊಡ್ಡ ಬಿಟ್‌ಗೆ ಬೇಕಾಗಿರುವುದು ಕಡಿಮೆ ವೇಗ. ಮೂರೂವರೆ ಇಂಚಿನ ಬಿಟ್ಟನ್ನು 22,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿಸಿದರೆ ಅದರ ಅಂಚು ಗಂಟೆಗೆ ಸುಮಾರು 368 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. 10,000ಕ್ಕೆ ಇಳಿಸಿದರೂ 167 ಕಿಲೋಮೀಟರ್. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ವೇಗಕ್ಕೂ ದಂಡ ಬೀಳುತ್ತದೆ. ಇಷ್ಟು ದೊಡ್ಡ ಬಿಟ್ 10,000ದಿಂದ 12,000ದ ಒಳಗೇ ತಿರುಗಬೇಕು. ಒಂದೂವರೆ ಇಂಚಿನದಾದರೆ 18,000ದವರೆಗೆ ಪರವಾಗಿಲ್ಲ. ಬಿಟ್‌ನ ಡಬ್ಬಿಯ ಮೇಲೆ ಗರಿಷ್ಠ ವೇಗ ಬರೆದಿರುತ್ತಾರೆ, ಅದೇ ಕೊನೆಯ ಮಾತು. ವೇಗ ಬದಲಿಸಲಾಗದ ರೌಟರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಈ ಕೆಲಸಕ್ಕೆ ಬೇಡ.

ಮೂರನೆಯದು ಶಕ್ತಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಎಚ್‌ಪಿ ನೋಡಿ ಮರುಳಾಗಬೇಡಿ. ಸಣ್ಣ ಗಣಿತ ಮಾಡೋಣ. ಇಲ್ಲಿನ ಪ್ಲಗ್ಗಿನಲ್ಲಿ 120 ವೋಲ್ಟ್. 15 ಆಂಪ್ ಎಳೆಯುವ ಮೆಷಿನ್ ಗೋಡೆಯಿಂದ ತೆಗೆದುಕೊಳ್ಳುವುದು 1,800 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಎಲ್ಲವೂ ಶಕ್ತಿಯಾಗಿಯೇ ಬಂತು, ಒಂದಿಷ್ಟೂ ಬಿಸಿಯಾಗಿ ಹೋಗಲಿಲ್ಲ ಅಂದುಕೊಂಡರೂ 2.4 ಎಚ್‌ಪಿ ಆಗುತ್ತದೆ. ಹಾಗಾದರೆ ದೊಡ್ಡ ರೌಟರಿನ ಡಬ್ಬಿಯ ಮೇಲಿರುವ ಮೂರೂಕಾಲು ಎಚ್‌ಪಿ ಎಲ್ಲಿಂದ ಬಂತು? ಅದು ಒಂದು ಕ್ಷಣ ಉಸಿರು ಕಟ್ಟಿ ದೂಡಿದಾಗಿನ ಲೆಕ್ಕ. ಅದಕ್ಕೇ ಹೇಳುವುದು, ಹೋಲಿಸುವಾಗ ಆಂಪ್ ನೋಡಿ. 7ರ ಆಸುಪಾಸಿನದು ಪುಟ್ಟದು, 12 ಮಧ್ಯಮ, 15 ದೊಡ್ಡದು.

ನಾಲ್ಕನೆಯದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ಮನೆಗೆ ತಂದ ಮೇಲೆ ಪಶ್ಚಾತ್ತಾಪ ಪಡುತ್ತಾರೆ. ಪ್ಯಾನೆಲ್ ಬಿಟ್ಟನ್ನು ಕೈಯಲ್ಲಿ ಹಿಡಿದ ರೌಟರಿಗೆ ಹಾಕಿ ಓಡಿಸುವ ಹಾಗೇ ಇಲ್ಲ. ರೌಟರನ್ನು ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು, ಮರವನ್ನು ಬಿಟ್‌ನತ್ತ ತಳ್ಳಬೇಕು. ಆಗ ಬಿಟ್‌ನ ಎತ್ತರ ತಿದ್ದುವುದು ಹೇಗೆ? ಪ್ರತಿ ಸಲ ಮೇಜಿನ ಕೆಳಗೆ ತೂರಿಕೊಂಡು, ತಲೆ ಮೇಲೆ ಮಾಡಿ, ಕಣ್ಣಿಗೆ ಮರದ ಪುಡಿ ಬೀಳಿಸಿಕೊಂಡು ತಿದ್ದಬೇಕಾ, ಮೇಲಿಂದಲೇ ಕೀಲಿ ತಿರುಗಿಸಬಹುದಾ? ನಾಲ್ಕು ಸಲ ಎತ್ತರ ಬದಲಿಸುವ ಕೆಲಸದಲ್ಲಿ ಇದು ಸಣ್ಣ ವಿಷಯ ಅಲ್ವೇ ಅಲ್ಲ.

ಕೊನೆಯದು ನಿಮ್ಮ ಗ್ಯಾರೇಜಿನ ಬ್ರೇಕರ್. ಹಳೆ ಮನೆಗಳಲ್ಲಿ 15 ಆಂಪ್ ಸರ್ಕ್ಯೂಟ್ ಇರುತ್ತದೆ. 15 ಆಂಪ್‌ನ ರೌಟರ್ ಜೊತೆಗೆ ಅದೇ ಲೈನಿನಲ್ಲಿ ಧೂಳು ಎಳೆಯುವ ವ್ಯಾಕ್ಯೂಮ್ ಹಚ್ಚಿದಿರೋ, ಮನೆಯೊಳಗಿಂದ "ಮತ್ತೆ ಕರೆಂಟ್ ಹೋಯ್ತಾ?" ಅಂತ ಕೂಗು ಬರುತ್ತದೆ. ಎರಡನ್ನೂ ಬೇರೆ ಬೇರೆ ಸರ್ಕ್ಯೂಟಿಗೆ ಹಾಕಲು ಆಗುತ್ತದಾ ಅಂತ ಮೊದಲೇ ನೋಡಿ.

ಎರಡು ಬಿಟ್, ಎರಡು ದಾರಿ

ಪ್ಯಾನೆಲ್ ಅಂಚು ಕೆತ್ತುವ ಬಿಟ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಒಂದು ಮಲಗಿದ್ದು. ಅಗಲವಾದ ಅಣಬೆಯಂತೆ ಕಾಣುತ್ತದೆ. ಮೂರು, ಮೂರೂವರೆ ಇಂಚು ವ್ಯಾಸ. ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ತಳ್ಳುತ್ತೀರಿ. ಹಲಗೆ ಅಲ್ಲಾಡುವುದಿಲ್ಲ, ಕಟ್ ನಯವಾಗಿ ಬರುತ್ತದೆ, ಹಲಗೆಯ ಅಂಚಿಗೆ ಒರಗಿ ಓಡುವ ಬೇರಿಂಗ್ ಇರುವುದರಿಂದ ಕಮಾನಿನಾಕಾರದ ಪ್ಯಾನೆಲ್ಲೂ ಮಾಡಬಹುದು. ಆದರೆ ಇದಕ್ಕೆ ತ್ರಾಣ ಬೇಕು. ಕೆಲವದರಲ್ಲಿ ಹಿಂಭಾಗವನ್ನೂ ಅದೇ ಸಲಕ್ಕೆ ಕತ್ತರಿಸುವ ಇನ್ನೊಂದು ಸಣ್ಣ ಕಟರ್ ಇರುತ್ತದೆ. ಮುಕ್ಕಾಲು ಇಂಚಿನ ಹಲಗೆ ಚೌಕಟ್ಟಿನ ಮಟ್ಟಕ್ಕೆ ಸರಿಯಾಗಿ ಕೂರಲಿ ಎಂದು ಆ ಏರ್ಪಾಡು. ಚೆನ್ನಾಗಿಯೇ ಇದೆ, ಆದರೆ ಮೋಟಾರಿನ ಮೇಲೆ ಹೊರೆ ಇನ್ನೂ ಜಾಸ್ತಿ. ಜೊತೆಗೆ ಬಿಟ್ಟನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾ ಹೋಗುವ ಉಪಾಯ ಅಲ್ಲಿ ನಡೆಯುವುದಿಲ್ಲ. ಫೆನ್ಸನ್ನು, ಅಂದರೆ ಮೇಜಿನ ಮೇಲೆ ಹಲಗೆ ಆನಿಸಿ ತಳ್ಳುವ ಅಡ್ಡಪಟ್ಟಿಯನ್ನು, ಹಿಂದೆ ಸರಿಸುತ್ತಾ ಹೋಗಬೇಕು.

ಇನ್ನೊಂದು ನಿಂತದ್ದು. ವ್ಯಾಸ ಒಂದೂವರೆ ಇಂಚಿನಷ್ಟು, ಆದರೆ ಉದ್ದವಾಗಿರುತ್ತದೆ. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಮುಖವನ್ನು ಫೆನ್ಸಿಗೆ ಒತ್ತಿ ತಳ್ಳಬೇಕು. 18,000ದಲ್ಲಿ ತಿರುಗಿಸಿದರೂ ಅಂಚಿನ ವೇಗ ಗಂಟೆಗೆ 130 ಕಿಲೋಮೀಟರ್ ದಾಟುವುದಿಲ್ಲ. ಮಧ್ಯಮ ರೌಟರಿಗೆ ಇದು ಸುಖದ ಕೆಲಸ. ಇಳಿಜಾರಿನ ಅಗಲದಲ್ಲೂ ಮೋಸವಿಲ್ಲ, ದೊಡ್ಡ ಬಿಟ್ ಕೊಡುವಷ್ಟೇ ಕೊಡುತ್ತದೆ. ಇದಕ್ಕಿರುವ ದೊಡ್ಡ ದೂರು ಅಂದರೆ ನೇರ ಅಂಚುಗಳನ್ನು ಮಾತ್ರ ಕೆತ್ತಬಹುದು, ಕಮಾನು ಆಗುವುದಿಲ್ಲ.

ಈಗ ನಿಮ್ಮ ಊಟದ ಕೋಣೆಯ ಗೋಡೆ ನೋಡಿ. ಕಮಾನು ಎಲ್ಲಿದೆ? ವೇನ್ಸ್‌ಕೋಟಿಂಗ್‌ನ ಪ್ಯಾನೆಲ್‌ಗಳೆಲ್ಲ ಚೌಕ ಇಲ್ಲವೇ ಆಯತ. ಮೆಟ್ಟಿಲ ಪಕ್ಕದಲ್ಲಿ ಓರೆಯಾಗುತ್ತವೆ, ಅಲ್ಲೂ ಅಂಚು ನೇರವೇ. ಕ್ಯಾಬಿನೆಟ್ ಬಾಗಿಲು ಮಾಡುವವರಿಗಾಗಿ ಬರೆದ ಸಲಹೆಗಳನ್ನು ಓದಿ ನಮ್ಮವರು ದೊಡ್ಡ ಬಿಟ್ಟಿಗೂ ಅದಕ್ಕೆ ತಕ್ಕ ದೊಡ್ಡ ರೌಟರಿಗೂ ದುಡ್ಡು ಸುರಿಯುತ್ತಾರೆ. ಗೋಡೆಗೆ ಆ ಅನುಕೂಲ ಬೇಕೇ ಇಲ್ಲ.

ನಿಂತ ಬಿಟ್‌ನ ಕಷ್ಟವನ್ನೂ ಹೇಳಬೇಕು. 22 ಇಂಚು ಎತ್ತರದ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ತಳ್ಳುವಾಗ ಅದು ವಾಲುತ್ತದೆ. ಮೂರಿಂಚಿನ ಫೆನ್ಸ್ ಸಾಲದು. 8ರಿಂದ 10 ಇಂಚು ಎತ್ತರದ ಫೆನ್ಸನ್ನು ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ನೀವೇ ಮಾಡಿಕೊಳ್ಳಬೇಕು. ಬಾಚಣಿಗೆಯ ಹಲ್ಲಿನಂಥ ಫೆದರ್‌ಬೋರ್ಡ್ ಒಂದನ್ನು ಮೇಜಿಗೆ ಬಿಗಿದು ಹಲಗೆಯ ಬುಡ ಫೆನ್ಸಿಗೆ ಅಂಟಿಕೊಂಡಿರುವಂತೆ ಮಾಡಬೇಕು. ಒಂದು ಸಮಾಧಾನ ಏನೆಂದರೆ, ಹಲಗೆ ಸ್ವಲ್ಪ ಆಚೆ ವಾಲಿದರೆ ಕಟ್ ಆಳ ಕಡಿಮೆಯಾಗುತ್ತದೆ, ಜಾಸ್ತಿಯಾಗುವುದಿಲ್ಲ. ಇನ್ನೊಂದು ಸಲ ಓಡಿಸಿದರೆ ಸರಿಹೋಗುತ್ತದೆ.

ಪುಟ್ಟ ರೌಟರ್

ಮಕಿಟಾ ಆರ್‌ಟಿ0701ಸಿ, ಡಿವಾಲ್ಟ್ ಡಿಡಬ್ಲ್ಯೂಪಿ611 ಈ ವರ್ಗದವು. ಮಕಿಟಾ 6.5 ಆಂಪ್, ಡಿವಾಲ್ಟ್ 7 ಆಂಪ್. ಎರಡೂ ಕಾಲಿಂಚಿನ ಕಾಲೆಟ್. ಒಂದು ಕೈಯಲ್ಲಿ ಹಿಡಿಯಬಹುದು. ಕೈಯಲ್ಲಿ ಹಿಡಿದು ಅಂಚು ದುಂಡಗೆ ಮಾಡಲು, ಹಿಂಜ್‌ಗೆ ಜಾಗ ತೆಗೆಯಲು ಇದಕ್ಕಿಂತ ಒಳ್ಳೆಯದಿಲ್ಲ. ನನ್ನ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ರೌಟರ್ ಇಂಥದ್ದೇ.

ಆದರೆ ಪ್ಯಾನೆಲ್ ಕೆತ್ತಲು ಬೇಡ. ಕಾಲಿಂಚು ಕಾಂಡದ ಸಣ್ಣ ಪ್ಯಾನೆಲ್ ಬಿಟ್‌ಗಳು ಮಾರಾಟಕ್ಕೆ ಸಿಗುತ್ತವೆ, ನಿಜ. ನಾನೂ ಮೊದಲು ಅದೇ ಜಾಣತನ ಮಾಡಿ ಒಂದನ್ನು ತಂದೆ. ಎರಡನೇ ಹಲಗೆಗೆ ಬಿಟ್ ನಡುಗಲು ಶುರುವಾಯಿತು. ಅಂಚೆಲ್ಲ ಅಲೆ ಅಲೆ, ಅಲ್ಲಲ್ಲಿ ಸುಟ್ಟ ಕಲೆ. ಗ್ಯಾರೇಜ್ ತುಂಬ ಹೋಮ ಮಾಡಿದಂಥ ವಾಸನೆ. ಆ ಹಲಗೆಗಳು ಈಗ ಕಪಾಟಿನೊಳಗೆ ಶೆಲ್ಫ್ ಆಗಿವೆ.

ಬ್ಯಾಟರಿಯಲ್ಲಿ ಓಡುವ ಪುಟ್ಟ ರೌಟರ್‌ಗೂ ಇದೇ ಮಾತು.

ಮಧ್ಯಮ ಗಾತ್ರ

ಬಾಷ್ 1617ಇವಿಎಸ್ ಮತ್ತು ಡಿವಾಲ್ಟ್ ಡಿಡಬ್ಲ್ಯೂ618 ಇಲ್ಲಿನ ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ಕಾಣುವ ಹೆಸರುಗಳು. ಎರಡೂ 12 ಆಂಪ್. ಬಾಷ್‌ನ ವೇಗ 8,000ದಿಂದ 25,000, ಡಿವಾಲ್ಟ್‌ನದು 8,000ದಿಂದ 24,000. ಕಾಲಿಂಚು, ಅರ್ಧ ಇಂಚು ಎರಡು ಕಾಲೆಟ್‌ಗಳೂ ಹಿಡಿಸುತ್ತವೆ. ಎರಡು ಬೇಸ್ (ಮೋಟಾರನ್ನು ಕೂರಿಸುವ ಪೀಠ) ಇರುವ ಕಿಟ್ ತಗೊಳ್ಳಿ, ಸುಮಾರು 200ರಿಂದ 250 ಡಾಲರ್ ಆಗಬಹುದು. ಬೆಲೆ ಆಗಾಗ ಏರಿಳಿಯುತ್ತಿರುತ್ತದೆ, ಹಬ್ಬದ ಸೇಲ್‌ನಲ್ಲಿ ಇನ್ನೂ ಕೆಳಗಿಳಿಯುತ್ತದೆ. ಕಿಟ್‌ನ ಅನುಕೂಲ ಏನೆಂದರೆ ಫಿಕ್ಸ್ಡ್ ಬೇಸನ್ನು ಮೇಜಿನಡಿಗೆ ಬಿಗಿದು ಅಲ್ಲೇ ಬಿಟ್ಟುಬಿಡಬಹುದು. ಕೈಯಲ್ಲಿ ಕೆಲಸ ಇದ್ದಾಗ ಮೋಟಾರನ್ನು ಮಾತ್ರ ಎಳೆದುಕೊಂಡು ಮೇಲೆ ಕೆಳಗೆ ಜಾರುವ ಪ್ಲಂಜ್ ಬೇಸಿಗೆ ಹಾಕಿದರಾಯಿತು. ಬಾಷ್ ಕಿಟ್‌ನ ಫಿಕ್ಸ್ಡ್ ಬೇಸಿಗೆ ಮೇಜಿನ ಮೇಲಿಂದಲೇ ಎತ್ತರ ತಿದ್ದುವ ವ್ಯವಸ್ಥೆ ಇದೆ. ಮೇಜಿನ ಪ್ಲೇಟಿಗೆ ಒಂದು ತೂತು ಕೊರೆಯಬೇಕು ಅಷ್ಟೇ. ಇದೊಂದೇ ಕಾರಣಕ್ಕೆ ನಾನು ಆ ಕಡೆಗೆ ವಾಲುತ್ತೇನೆ.

ಚೌಕಟ್ಟಿನ ಎರಡೂ ಬಿಟ್, ಜೊತೆಗೆ ನಿಂತ ಪ್ಯಾನೆಲ್ ಬಿಟ್. ಇವನ್ನು ಮಧ್ಯಮ ರೌಟರ್ ದಿನವಿಡೀ ಓಡಿಸುತ್ತದೆ. ಮೂರೂವರೆ ಇಂಚಿನ ಮಲಗಿದ ಬಿಟ್ಟನ್ನು ಓಡಿಸಬಹುದಾ? ವೇಗ 10,000ಕ್ಕೆ ಇಳಿಯುತ್ತದೆ, ಆದ್ದರಿಂದ ತಿರುಗಿಸಲು ಅಡ್ಡಿಯಿಲ್ಲ. ಮೃದು ಮರ, ಐದಾರು ತೆಳು ಕಟ್, ನಡುವೆ ಮೋಟಾರಿಗೆ ವಿಶ್ರಾಂತಿ ಕೊಟ್ಟು ಒಂದು ಕೋಣೆಯ ಕೆಲಸ ಮುಗಿಸಿದವರಿದ್ದಾರೆ. ಹಿಂಭಾಗದ ಕಟರ್ ಇರುವ ಬಿಟ್ ಆದರೆ ನಾನು ಬೇಡ ಅನ್ನುತ್ತೇನೆ. ಮಲಗಿದ ಬಿಟ್ಟೇ ಬೇಕು ಅಂದರೆ ಎರಡೂಮುಕ್ಕಾಲು ಇಂಚಿನ ಸಣ್ಣದು ಸಿಗುತ್ತದೆ. ಇಳಿಜಾರು ಸ್ವಲ್ಪ ಕಿರಿದಾಗುತ್ತದೆ. ಕ್ಯಾಬಿನೆಟ್ ಬಾಗಿಲಿಗೆ ಅದು ಚೆಂದವೇ. ಗೋಡೆಯ ದೊಡ್ಡ ಪ್ಯಾನೆಲ್ ಮೇಲೆ ಮಾತ್ರ ಕಿರಿದಾದ ಇಳಿಜಾರು ಸ್ವಲ್ಪ ಬಡವಾಗಿ ಕಾಣುತ್ತದೆ ಅನ್ನಿಸಿದೆ ನನಗೆ.

ದೊಡ್ಡದು

15 ಆಂಪ್‌ನ ಈ ವರ್ಗದಲ್ಲಿ ಎರಡು ಹೆಸರು ಹೇಳುತ್ತೇನೆ. ಟ್ರೈಟನ್ ಟಿಆರ್‌ಎ001 ಮೇಜಿನಡಿಗೆ ಕೂರಿಸುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದಂತಿದೆ. ಎತ್ತರ ತಿದ್ದುವ ಹಿಡಿಕೆಯನ್ನು ಮೇಲಿಂದಲೇ ತಿರುಗಿಸಬಹುದು. ಪೂರ್ತಿ ಮೇಲೆತ್ತಿದಾಗ ಬಿಟ್ ತಿರುಗಿಸುವ ಸ್ಪಿಂಡಲ್ ತಾನೇ ಲಾಕ್ ಆಗುತ್ತದೆ, ಒಂದೇ ಸ್ಪ್ಯಾನರಿನಲ್ಲಿ ಬಿಟ್ ಬದಲಾಯಿಸಬಹುದು. ರೌಟರನ್ನು ಏರಿಸಿ ಇಳಿಸುವ ಬೇರೆ ಲಿಫ್ಟ್ ಕೊಳ್ಳುವ ಖರ್ಚು ಉಳಿಯುತ್ತದೆ. ಮೇಜಿಗೆ ಹಾಕುವ ಮುಂಚೆ ಒಳಗಿನ ಪ್ಲಂಜ್ ಸ್ಪ್ರಿಂಗ್ ತೆಗೆಯಬೇಕು ಎಂಬುದು ನೆನಪಿರಲಿ. ಪೋರ್ಟರ್-ಕೇಬಲ್ 7518 ಇನ್ನೊಂದು. 10,000ದಿಂದ 21,000ದವರೆಗೆ ಐದು ಮೆಟ್ಟಿಲಿನ ವೇಗ. ಒರಟು ಎತ್ತಿನಂಥ ಮೋಟಾರು, ಹಳೆಯದು ಸಿಕ್ಕರೂ ಒಳ್ಳೆಯದೇ. ಆದರೆ ಅದಕ್ಕೆ ಒಳ್ಳೆ ಲಿಫ್ಟ್ ಬೇಕಾದರೆ ಇನ್ನೂ ಕೆಲವು ನೂರು ಡಾಲರ್ ಸೇರಿಸಿ.

ದೊಡ್ಡ ರೌಟರಿನ ಸುಖ ಏನು? ಕೆಂಪು ಓಕ್‌ನಂಥ ಗಟ್ಟಿ ಮರದಲ್ಲೂ ಮೂರೂವರೆ ಇಂಚಿನ ಬಿಟ್ ಏದುಸಿರು ಬಿಡದೆ ಓಡುತ್ತದೆ. ಶಬ್ದ ಬದಲಾಗುವುದೇ ಇಲ್ಲ. ಅಂಚಿಗೆ ಮರಳು ಕಾಗದ ಉಜ್ಜುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಕಷ್ಟ ಏನು? ಭಾರ. ಕೈಯಲ್ಲಿ ಹಿಡಿದು ಮಾಡುವ ಕೆಲಸಕ್ಕೆ ಯಾರೂ ಅದನ್ನು ಎತ್ತುವುದಿಲ್ಲ. ಹೀಗಾಗಿ ಇದನ್ನು ಕೊಂಡವರು ಇವತ್ತಲ್ಲ ನಾಳೆ ಪುಟ್ಟದೊಂದನ್ನೂ ಕೊಳ್ಳುತ್ತಾರೆ. ಆ ಖರ್ಚನ್ನೂ ಈಗಲೇ ಸೇರಿಸಿ ಲೆಕ್ಕ ಹಾಕಿ.

ಮರ ಬದಲಾದರೆ ಲೆಕ್ಕವೂ ಬದಲು

ಬಿಳಿ ಬಣ್ಣ ಹಚ್ಚುವುದಾದರೆ ಚೌಕಟ್ಟಿಗೆ ಪಾಪ್ಲರ್, ಪ್ಯಾನೆಲ್‌ಗೆ ಎಂಡಿಎಫ್ ಸಾಕು. ಎಂಡಿಎಫ್‌ಗೆ ಎಳೆ ಇಲ್ಲ. ಚಳಿಗಾಲದಲ್ಲಿ ಕುಗ್ಗಿ ಬೇಸಿಗೆಯಲ್ಲಿ ಹಿಗ್ಗುವ ರಗಳೆ ಇಲ್ಲವೆನ್ನುವಷ್ಟು ಕಡಿಮೆ. ಮಧ್ಯಮ ರೌಟರಿಗೆ ಬೆಣ್ಣೆ. ಆದರೆ ಅದರ ಧೂಳು ಬಹಳ ನುಣುಪು, ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಲದು. ಸರಿಯಾದ ರೆಸ್ಪಿರೇಟರ್ ಹಾಕಿ. ಕೆತ್ತಿದ ಅಂಚು ಬಣ್ಣವನ್ನು ಬಟ್ಟೆಯ ಹಾಗೆ ಹೀರುತ್ತದೆ, ಪ್ರೈಮರ್ ಎರಡು ಸಲ ಬೇಕು.

ಮರದ ಬಣ್ಣವೇ ಕಾಣಬೇಕು ಅನ್ನುವವರಿಗೆ ಓಕ್, ಚೆರಿ, ಮೇಪಲ್. ಇಲ್ಲಿ ಮೋಟಾರಿನ ಶಕ್ತಿಗೆ ಬೆಲೆ ಬರುತ್ತದೆ. ಜೊತೆಗೆ ಕಟ್ ಮಾಡುವ ಕ್ರಮಕ್ಕೂ. ಮೊದಲು ಎಳೆಗೆ ಅಡ್ಡವಾಗಿರುವ ಎರಡು ತುದಿ ಕೆತ್ತಿ, ಆಮೇಲೆ ಎಳೆಯ ಉದ್ದಕ್ಕಿರುವ ಅಂಚು. ಅಡ್ಡ ಕಟ್‌ನ ಕೊನೆಯಲ್ಲಿ ಮರ ಸಿಗಿದು ಹೋಗುತ್ತದೆ. ಆಮೇಲಿನ ಉದ್ದ ಕಟ್ ಅದನ್ನು ಅಳಿಸಿಹಾಕುತ್ತದೆ. ನಾನು ಒಂದು ಓಕ್ ಹಲಗೆಗೆ ಇದನ್ನು ಉಲ್ಟಾ ಮಾಡಿ, ಮೂಲೆಯಲ್ಲಿ ಹೆಬ್ಬೆರಳ ಗಾತ್ರದ ಚೂರು ಹಾರಿಹೋಗಿ, ಅದನ್ನು ನೆಲದಲ್ಲಿ ಹುಡುಕಿ ಅಂಟು ಹಾಕಿ ಕೂರಿಸಿದ್ದೇನೆ. ಎಲ್ಲಿ ಅಂತ ಮನೆಗೆ ಬಂದವರಿಗೆ ಹೇಳುವುದಿಲ್ಲ.

ಗಟ್ಟಿ ಮರದ ಪ್ಯಾನೆಲ್ಲನ್ನು ಚೌಕಟ್ಟಿನ ಗ್ರೂವಿಗೆ ಅಂಟು ಹಾಕಿ ಕೂರಿಸಲೇಬಾರದು. ಮಿಶಿಗನ್‌ನ ಜನವರಿಯಲ್ಲಿ ಹೀಟರ್ ಗಾಳಿಗೆ ಕುಗ್ಗಲು, ಜುಲೈ ಸೆಕೆಗೆ ಹಿಗ್ಗಲು ಅದಕ್ಕೆ ಜಾಗ ಬೇಕು. ಬಣ್ಣವನ್ನೂ ಕೂರಿಸುವ ಮುಂಚೆಯೇ ಹಚ್ಚಿ. ಇಲ್ಲದಿದ್ದರೆ ಚಳಿಗಾಲದಲ್ಲಿ ಅಂಚಿನಲ್ಲಿ ಬಣ್ಣವಿಲ್ಲದ ಗೆರೆ ಇಣುಕುತ್ತದೆ.

ರೌಟರನ್ನೇ ತಪ್ಪಿಸುವ ದಾರಿಗಳು

ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ) ಇದ್ದರೆ ಬ್ಲೇಡನ್ನು ಸ್ವಲ್ಪ ಓರೆ ಮಾಡಿ, ಎತ್ತರದ ಫೆನ್ಸ್ ಕಟ್ಟಿ ನೇರ ಇಳಿಜಾರಿನ ಅಂಚು ತೆಗೆಯಬಹುದು. ಬಿಟ್ ಖರ್ಚೇ ಇಲ್ಲ. ಬ್ಲೇಡಿನ ಗೆರೆ ಉಜ್ಜಿ ತೆಗೆಯಲು ತಾಳ್ಮೆ ಬೇಕು, 14 ಪ್ಯಾನೆಲ್‌ಗೆ ಬಹಳ ತಾಳ್ಮೆ ಬೇಕು.

ಕ್ಯಾಬಿನೆಟ್ ಬಾಗಿಲು ಮಾಡುವ ಕೆಲವು ಅಂಗಡಿಗಳು ನೀವು ಕೊಟ್ಟ ಅಳತೆಗೆ ಎಂಡಿಎಫ್ ರೇಸ್ಡ್ ಪ್ಯಾನೆಲ್ ಕೊರೆದು ಕೊಡುತ್ತವೆ. ಆಗ ಚೌಕಟ್ಟು ಮಾತ್ರ ನಿಮ್ಮ ಕೆಲಸ, ಮಧ್ಯಮ ರೌಟರ್ ಧಾರಾಳ. ಸಮಯ ಇಲ್ಲದವರಿಗೆ ಇದು ನಾಚಿಕೆಪಡುವ ವಿಷಯವೇ ಅಲ್ಲ. ಇನ್ನೂ ಸುಲಭದ್ದು ಬೇಕಾದರೆ ಗೋಡೆಗೆ ನೇರವಾಗಿ ಮೋಲ್ಡಿಂಗ್ ಪಟ್ಟಿ ಬಡಿದು ಚೌಕಗಳನ್ನು ಮಾಡುವುದು. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ರೇಸ್ಡ್ ಪ್ಯಾನೆಲ್ ಅಲ್ಲ, ಆದರೆ ಅತಿಥಿಗಳ ಕಣ್ಣು ಬಿಸಿಬೇಳೆಬಾತ್ ಮೇಲಿರುತ್ತದೆ ಅಲ್ವಾ.

ಊರಿಗೆ ವಾಪಸ್ ಹೋಗುವಾಗ ರೌಟರ್ ಒಯ್ಯುವ ಯೋಚನೆ ಇರುವವರಿಗೆ ಒಂದು ಮಾತು. ಅಲ್ಲಿ 230 ವೋಲ್ಟ್. ಇಲ್ಲಿನ 120 ವೋಲ್ಟಿನ ಮೆಷಿನ್ ನೇರ ಹಾಕಿದರೆ ಸುಡುತ್ತದೆ. 1,800 ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಹೊತ್ತು ತಿರುಗುವುದಕ್ಕಿಂತ ಅಲ್ಲೇ ಕೊಳ್ಳಿ. ಬಿಟ್‌ಗಳನ್ನು ಒಯ್ಯುವುದಾದರೆ ಕಾಲೆಟ್ ಅಳತೆ ನೋಡಿಕೊಳ್ಳಿ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 12 ಮಿಲಿಮೀಟರಿನ ಕಾಲೆಟ್‌ಗೆ ಅದು ಹೋಗುವುದಿಲ್ಲ, 12ರ ಬಿಟ್ಟನ್ನು ಅರ್ಧ ಇಂಚಿನ ಕಾಲೆಟ್‌ನಲ್ಲಿ ಬಿಗಿಯುವ ಸಾಹಸವಂತೂ ಬೇಡ.

ಯಾರಿಗೆ ಯಾವುದು

ಒಂದೇ ಕೋಣೆ, ಬಿಳಿ ಬಣ್ಣ, ಬಜೆಟ್ ಬಿಗಿ. ಇಂಥವರೇ ಜಾಸ್ತಿ. ಮಧ್ಯಮ ರೌಟರ್ ಕಿಟ್, ಚೌಕಟ್ಟಿನ ಎರಡು ಬಿಟ್, ಒಂದು ನಿಂತ ಪ್ಯಾನೆಲ್ ಬಿಟ್. ಮೇಜನ್ನು ಎಂಡಿಎಫ್ ಎರಡು ಪದರ ಅಂಟಿಸಿ ನೀವೇ ಮಾಡಿ. ರೌಟರಿನಲ್ಲಿ ಉಳಿಸಿದ ದುಡ್ಡನ್ನು ಬಿಟ್‌ಗಳ ಮೇಲೆ ಹಾಕಿ. ಸಾಧಾರಣ ರೌಟರಿನಲ್ಲಿ ಒಳ್ಳೆ ಬಿಟ್ ಚೆನ್ನಾಗಿ ಕತ್ತರಿಸುತ್ತದೆ. ಒಳ್ಳೆ ರೌಟರಿನಲ್ಲಿ ಕಳಪೆ ಬಿಟ್ ಸುಡುತ್ತದೆ.

ಊಟದ ಕೋಣೆ ಆದಮೇಲೆ ಮೆಟ್ಟಿಲು, ಮೆಟ್ಟಿಲು ಆದಮೇಲೆ ಅಡುಗೆಮನೆ ಬಾಗಿಲುಗಳು ಅನ್ನುವ ಆಸೆ ಇದ್ದರೆ, ಅಥವಾ ಓಕ್ ಮರವೇ ಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದ್ದರೆ, ದೊಡ್ಡದಕ್ಕೇ ಹೋಗಿ. ಮೇಲಿಂದ ಎತ್ತರ ತಿದ್ದುವಂಥದ್ದು ನೋಡಿ. ಬ್ರೇಕರ್ ಲೆಕ್ಕ ಮರೆಯಬೇಡಿ.

ಪುಟ್ಟ ರೌಟರ್ ಈಗಾಗಲೇ ಇದೆ, ಇನ್ನೊಂದು ಕೊಳ್ಳಲು ಮನಸ್ಸಿಲ್ಲ ಅನ್ನುವವರು ಪ್ಯಾನೆಲ್‌ಗಳನ್ನು ಹೊರಗೆ ಮಾಡಿಸಿ. ಚೌಕಟ್ಟಿನ ಪಟ್ಟಿಗಳಿಗೆ ಗ್ರೂವ್ ತೆಗೆಯುವುದನ್ನು, ತೆಳು ಕಟ್‌ಗಳಲ್ಲಿ, ಪುಟ್ಟದೂ ಮಾಡುತ್ತದೆ. ನಿಮ್ಮ ಊರಿನಲ್ಲಿ ಮೇಕರ್‌ಸ್ಪೇಸ್ (ಸದಸ್ಯರೆಲ್ಲ ಹಂಚಿಕೊಂಡು ಬಳಸುವ ವರ್ಕ್‌ಶಾಪ್) ಇದ್ದರೆ ಒಂದು ತಿಂಗಳ ಸದಸ್ಯತ್ವ ತಗೊಂಡು ಅಲ್ಲಿನ ರೌಟರ್ ಟೇಬಲ್ ಬಳಸಬಹುದಾ ಅಂತ ವಿಚಾರಿಸಿ ನೋಡಿ. ಒಂದು ಗಂಟೆಯ ಕಟಿಂಗ್ ಅಂತ ಆಗಲೇ ಲೆಕ್ಕ ಹಾಕಿದೆವಲ್ಲ.

ಹಳೆಯದನ್ನು ಕೊಳ್ಳುವವರು ಮಾರುವವರ ಗ್ಯಾರೇಜಿಗೆ ಹೋದಾಗ ಪ್ಲಗ್ ತೆಗೆದು ಮೊದಲು ಸ್ಪಿಂಡಲನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಬೇರಿಂಗ್ ಹೋಗಿದೆ. ಕಾಲೆಟ್ ಬಿಚ್ಚಿ ಒಳಗೆ ಗೀರು, ತುಕ್ಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಆಮೇಲೆ ಪ್ಲಗ್ ಹಾಕಿ, ವೇಗದ ಡಯಲನ್ನು ಅತಿ ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತಾ ಶಬ್ದ ಕೇಳಿ, ಅದು ಮೆಟ್ಟಿಲು ಹತ್ತಿದಂತೆ ಏರಬೇಕು. ಡಯಲ್ಲೇ ಇಲ್ಲ, 27,500ರಲ್ಲಿ ಒಂದೇ ಸಮನೆ ಓಡುವ ಪೋರ್ಟರ್-ಕೇಬಲ್ 690ಎಲ್‌ಆರ್ ಅಂಥದ್ದಾದರೆ, ಅದು ಎಷ್ಟೇ ಗಟ್ಟಿಮುಟ್ಟಾಗಿರಲಿ, ಈ ಕೆಲಸಕ್ಕೆ ಬೇಡ. ಮನೆಗೆ ತಂದ ಮೇಲೆ ಬಿಟ್ಟನ್ನು ಕಾಲೆಟ್‌ನ ತಳಕ್ಕೆ ಮುಟ್ಟಿಸಿ, ಅಲ್ಲಿಂದ ಸುಮಾರು ಒಂದೆಂಟನೇ ಇಂಚು ಮೇಲೆಳೆದು ಬಿಗಿಯಿರಿ. ತಳಕ್ಕೆ ಒತ್ತಿ ಬಿಗಿದ ಬಿಟ್ ಬಿಗಿಯಾದಂತೆ ಅನ್ನಿಸಿದರೂ ಓಡುವಾಗ ಸಡಿಲವಾಗುತ್ತದೆ. ಮೊದಲ ಕಟ್ಟನ್ನು ಉಳಿದ ಎಂಡಿಎಫ್ ಚೂರಿನ ಮೇಲೆ, ಬಲದಿಂದ ಎಡಕ್ಕೆ, ಕಿವಿಗೆ ಮಫ್ ಹಾಕಿಕೊಂಡು.